ಅರ್ಧ ಗೇಣಿನ ಕಣ್ಣು

ಚಿಕ್ಕೇರೂರಿನ ಅಡಿವೆವ್ವನ ಮನೆಗೆ ಆ ವರ್ಷ ಬಂದವರೆಲ್ಲ ಚಹಾ ಕುಡಿಯುವ ಮೊದಲು ಮಾಡುತ್ತಿದ್ದ ಕೆಲಸ ಒಂದೇ. ಅವಳನ್ನು ಬಾಗಿಲ ಹೊರಗೆ ನಿಲ್ಲಿಸಿ, ಒಳಗಿನ ಗೋಡೆಯ ಕ್ಯಾಲೆಂಡರ್ ತೋರಿಸಿ, “ಇವತ್ತ ಎಷ್ಟನೇ ತಾರೀಖು, ಹೇಳು ನೋಡೋಣು” ಅನ್ನುವುದು. ಅವಳು ಹೇಳುತ್ತಿದ್ದಳು. ತಾರೀಖಿನ ಕೆಳಗೆ ಇರುವೆ ಸಾಲಿನ ಹಾಗೆ ಅಚ್ಚಾಗಿದ್ದ ಅಮಾವಾಸ್ಯೆ ಹುಣ್ಣಿಮೆಯನ್ನೂ ಹೇಳುತ್ತಿದ್ದಳು. ಬಂದವರು ಮೂಗಿನ ಮೇಲೆ ಬೆರಳಿಟ್ಟುಕೊಂಡು, “ಯವ್ವಾ, ಎಂಥಾ ಕಾಲ ಬಂತಬೇ” ಎಂದು ಬೆರಗಾಗಿ, ಆಮೇಲೆ ಚಹಾ ಕುಡಿಯುತ್ತಿದ್ದರು. ಜೂನ್ ತಿಂಗಳಲ್ಲಿ ಇದು ಅವಳಿಗೂ ಹಿತವಾಗಿತ್ತು. ಅಕ್ಟೋಬರ್ ಹೊತ್ತಿಗೆ ಆ ಕ್ಯಾಲೆಂಡರನ್ನು ಕಿತ್ತು ಒಲೆಗೆ ಹಾಕಬೇಕು ಅನ್ನಿಸುವಷ್ಟು ರೇಜಿಗೆ ಹಿಡಿದಿತ್ತು.

ರೇಜಿಗೆಯ ಕಾರಣ ಹೇಳಬೇಕೆಂದರೆ ಅವಳ ಹಳೆಯ ಕಣ್ಣಿನಿಂದ ಶುರು ಮಾಡಬೇಕು. ನಲವತ್ತೆರಡು ವರ್ಷದ ಅಡಿವೆವ್ವನಿಗೆ ಎರಡೂ ಕಣ್ಣಿಗೆ ಮೈನಸ್ ಒಂಬತ್ತು ನಂಬರು. ಕನ್ನಡಕದ ಗಾಜು ಸೋಡಾ ಬಾಟಲಿಯ ತಳದಷ್ಟು ದಪ್ಪ. ಹಾಕಿಕೊಂಡರೆ ಅವಳ ಕಣ್ಣು ನೋಡುವವರಿಗೆ ಮೆಣಸಿನ ಕಾಳಿನಷ್ಟು ಸಣ್ಣದಾಗಿ ಕಾಣುತ್ತಿತ್ತು, ಅವಳಿಗೆ ದೂರದ್ದು ಆಗಲೂ ಅರೆಬರೆಯೇ. ತೆಗೆದರೆ ಅವಳ ಪಾಲಿಗೆ ಲೋಕವೇ ಕರಗಿ ಹೋಗುತ್ತಿತ್ತು. ಕನ್ನಡಕವಿಲ್ಲದೆ ಅವಳಿಗೆ ಎದುರು ಕುಂತ ಗಂಡ ಮಾರೆಪ್ಪನೂ ಒಂದೇ, ಮೂಲೆಯ ಜೋಳದ ಚೀಲವೂ ಒಂದೇ. ಚೀಲ ಕೆಮ್ಮುವುದಿಲ್ಲ, ಅಷ್ಟೇ ಫರಕು.

ದೂರದ್ದೆಲ್ಲ ಕಸಿದುಕೊಂಡಿದ್ದ ಆ ಕಣ್ಣು ಹತ್ತಿರದ್ದನ್ನು ಮಾತ್ರ ಧಾರಾಳವಾಗಿ ಕೊಟ್ಟಿತ್ತು. ಮೂಗಿನಿಂದ ಅರ್ಧ ಗೇಣು ದೂರದಲ್ಲಿ ಏನು ಹಿಡಿದರೂ ಅವಳ ಬರಿಗಣ್ಣಿಗೆ ಅದು ದೊಡ್ಡದಾಗಿ, ಚೊಕ್ಕವಾಗಿ ಕಾಣುತ್ತಿತ್ತು. ಆ ವಯಸ್ಸಿನ ಬೇರೆಯವರಿಗೆ ಅಷ್ಟು ಹತ್ತಿರ ಹಿಡಿದರೆ ಬರೀ ಮಸುಕು. ಅಡಿವೆವ್ವ ಅಕ್ಕಿಯೊಳಗಿನ ನುಸಿಯ ಕಾಲು ಎಣಿಸುತ್ತಾಳೆ ಎಂದು ಓಣಿಯವರು ಚೇಷ್ಟೆ ಮಾಡುತ್ತಿದ್ದರು. ಅವಳು ಒಮ್ಮೆ ಎಣಿಸಿಯೂ ತೋರಿಸಿದ್ದಳು.

ಊರಿನಲ್ಲಿ ಅವಳು ಹೆಸರು ಮಾಡಿದ್ದು ಈ ಕಣ್ಣಿನಿಂದಲೇ. ಹಿರೇಕೆರೂರು ತಾಲೂಕಿನ ಈ ಭಾಗದಲ್ಲಿ ಬೀಜದ ಕಂಪನಿಗಳಿಗೆ ಮೆಣಸಿನಕಾಯಿ ಗಿಡ ಬೆಳೆದು ಕೊಡುತ್ತಾರೆ. ಎರಡು ಜಾತಿಯ ಗಿಡ ಕೂಡಿಸಿ ಹೊಸ ಬೀಜ ತೆಗೆಯುವ ಕೆಲಸ, ಊರವರ ಬಾಯಲ್ಲಿ ಕ್ರಾಸಿಂಗ್. ನಾಳೆ ಅರಳುವ ಮೊಗ್ಗನ್ನು ಇವತ್ತು ಮಧ್ಯಾಹ್ನವೇ ಚಿಮಟದಿಂದ ಬಿಡಿಸಿ, ಒಳಗಿನ ಐದಾರು ಗಂಡು ಎಳೆಗಳನ್ನು ಒಂದೂ ಬಿಡದಂತೆ ಕೀಳಬೇಕು. ನಡುವಿನ ಹೆಣ್ಣು ಎಳೆಗೆ ಚೂರೂ ಪೆಟ್ಟಾಗಬಾರದು. ಮರುದಿನ ಬೆಳಿಗ್ಗೆ ಇನ್ನೊಂದು ಜಾತಿಯ ಹೂವಿನ ಪುಡಿ ತಂದು ಅದಕ್ಕೆ ಮುಟ್ಟಿಸಿ, ಗುರುತಿಗೆ ದಾರ ಕಟ್ಟಬೇಕು. ಒಂದೇ ಒಂದು ಗಂಡು ಎಳೆ ಉಳಿದರೂ ಹೂವು ತನ್ನ ಪುಡಿಯನ್ನು ತಾನೇ ಹಿಡಿದು ಕಲಬೆರಕೆ ಬೀಜ ಕಟ್ಟುತ್ತದೆ. ಕಾಯಿ ನೋಡಿದರೆ ಗೊತ್ತಾಗುವುದಿಲ್ಲ. ಕಂಪನಿಯವರು ಬಿತ್ತಿ ಪರೀಕ್ಷೆ ಮಾಡಿದಾಗ ಗೊತ್ತಾಗುತ್ತದೆ, ಆಗ ಇಡೀ ಹೊಲದ ಮಾಲನ್ನೇ ಹಿಂದಕ್ಕೆ ತಳ್ಳುತ್ತಾರೆ.

ಮೊಗ್ಗು ಎಂದರೆ ಎಷ್ಟು? ಜೋಳದ ಕಾಳಿಗಿಂತ ಒಂಚೂರು ದೊಡ್ಡದು. ಅಡಿವೆವ್ವ ಕನ್ನಡಕ ತೆಗೆದು ಬದುವಿನ ಮೇಲಿಟ್ಟು, ಕೂಸಿಗೆ ಮುತ್ತು ಕೊಡುವವಳ ಹಾಗೆ ಗಿಡಕ್ಕೆ ಮುಖ ಹಚ್ಚಿ ಕೆಲಸ ಮಾಡುತ್ತಿದ್ದಳು. ಪರಮೇಶ್ವರಪ್ಪನವರ ಹೊಲದಲ್ಲಿ ಹದಿನಾಲ್ಕು ವರ್ಷ, ಅವಳ ಸಾಲಿನಲ್ಲಿ ಒಂದು ತಪ್ಪು ಸಿಕ್ಕಿರಲಿಲ್ಲ. ಹನ್ನೆರಡು ಹೆಣ್ಣಾಳುಗಳ ಗುಂಪಿಗೆ ಅವಳೇ ಮುಂದಾಳು. ಉಳಿದವರ ಸಾಲುಗಳನ್ನು ಹಿಂದಿನಿಂದ ಹೋಗಿ ಪರೀಕ್ಷೆ ಮಾಡುವವಳೂ ಅವಳೇ. ತಪ್ಪು ಸಿಕ್ಕರೆ ಮುಗಿಯಿತು. “ಗಂಡು ಉಳಿಸೀಯಲ್ಲಬೇ! ಮನ್ಯಾಗಿರೋದು ಒಂದು ಸಾಕಾಗವಲ್ದೇನು ನಿನಗ?” ಎಂದು ಇಡೀ ಹೊಲಕ್ಕೆ ಕೇಳುವ ಹಾಗೆ ಕೂಗುತ್ತಿದ್ದಳು. ಈ ಮಾತನ್ನು ಅತಿ ಹೆಚ್ಚು ಸಲ ಕೇಳಿಸಿಕೊಂಡವಳು ಪಕ್ಕದ ಸಾಲಿನ ಹೇಮಾ. ಮೂವತ್ತರ ಹೆಂಗಸು, ಕೈ ನಿಧಾನ, ಬಾಯಿ ಇನ್ನೂ ನಿಧಾನ.

ಇಂಥ ಅಡಿವೆವ್ವ ಕಣ್ಣಿಗೆ ಲೇಸರ್ ಮಾಡಿಸಿಕೊಂಡಿದ್ದು ತಮ್ಮನ ಪ್ರೀತಿಗೆ. ತಮ್ಮ ಹಾಲೇಶ ಹಾನಗಲ್ಲ ಡಿಪೋದಲ್ಲಿ ಕಂಡಕ್ಟರ್. ಹಿಂದಿನ ವರ್ಷ ಒಂದು ದಿನ ಬದುವಿನ ಮೇಲಿಟ್ಟ ಕನ್ನಡಕವನ್ನು ಎಮ್ಮೆ ತುಳಿದು ಪುಡಿ ಮಾಡಿತ್ತು. ಅಡಿವೆವ್ವ ಬೇಲಿ ಹಿಡಿದುಕೊಂಡು ಊರಿಗೆ ಬಂದು, ತನ್ನ ಮನೆ ಎಂದು ಮೇಲಿನ ಓಣಿಯ ಯಾರದೋ ಪಡಸಾಲೆ ಹೊಕ್ಕು, ನೀರಿನ ಕೊಡಕ್ಕೆ ತಂಬಿಗೆ ಅದ್ದಿದಳು. ಆ ಮನೆಯವರು ನಗಲಿಲ್ಲ. ಅವಳ ಎದುರಿಗೇ ಕೊಡದ ನೀರನ್ನು ಅಂಗಳಕ್ಕೆ ಚೆಲ್ಲಿದರು. ಸುದ್ದಿ ಕೇಳಿದ ಹಾಲೇಶ ಮುಂದಿನ ರಜೆಯಲ್ಲಿ ಬಂದವನೇ, “ಇನ್ನ ಮ್ಯಾಲ ನಮ್ಮಕ್ಕ ಯಾರ ಬಾಗಿಲಾನೂ ತಪ್ಪಬಾರ್ದು” ಎಂದ. ಅವನ ಜೊತೆಯ ಡ್ರೈವರನ ಮಗ ಪೊಲೀಸ್ ನೌಕರಿಗಾಗಿ ಲೇಸರ್ ಮಾಡಿಸಿಕೊಂಡು ಕನ್ನಡಕ ಬಿಸಾಕಿದ್ದನಂತೆ. ಹಾಲೇಶನ ತಲೆಯಲ್ಲಿ ಅದೇ ಕುಂತುಬಿಟ್ಟಿತು.

ಮೇ ತಿಂಗಳಲ್ಲಿ, ಕೆಲಸವಿಲ್ಲದ ದಿನ ನೋಡಿ, ಅಕ್ಕನನ್ನು ಹುಬ್ಬಳ್ಳಿಯ ಒಂದು ಕಣ್ಣಿನ ದವಾಖಾನೆಗೆ ಕರೆದುಕೊಂಡು ಹೋದ. ಅಲ್ಲಿನ ಡಾಕ್ಟರು ಅವಸರದವರಲ್ಲ, ಮೋಸದವರೂ ಅಲ್ಲ. ಇದನ್ನು ಈಗಲೇ ಹೇಳಿಬಿಡಬೇಕು, ಯಾಕೆಂದರೆ ಬೈಯಲು ಒಬ್ಬ ಮನುಷ್ಯ ಸಿಕ್ಕಿದ್ದರೆ ಅಡಿವೆವ್ವನಿಗೆ ಮುಂದೆ ಎಷ್ಟೋ ಸಮಾಧಾನವಾಗುತ್ತಿತ್ತು. ಅವರು ಒಂದಿಡೀ ಬೆಳಗು ಕಣ್ಣು ಅಳೆದು, ಕಂಪ್ಯೂಟರಿನಲ್ಲಿ ನೋಡಿ, ಸಾವಧಾನವಾಗಿ ಹೇಳಿದರು.

“ನಂಬರ್ ಬಾಳ ಐತ್ರಿ. ಆದರ ಕಣ್ಣಿನ ಮುಂದಿನ ಪರದೆ ದಪ್ಪ ಐತಿ, ಮಾಡಬಹುದು. ದೂರದ್ದು ಚಲೋ ಕಾಣತೈತಿ. ನಲವತ್ತು ದಾಟೇತಿ ನಿಮಗ, ಹತ್ತಿರದ್ದಕ್ಕ ಕನ್ನಡಕ ಬೇಕಾಗಬಹುದು. ಓದೋದು ಬರಿಯೋದು ಕೆಲಸ ಏನರ ಐತೇನ್ರಿ?”

ಅಡಿವೆವ್ವ ಮೂರನೇ ಇಯತ್ತೆಗೆ ಸಾಲಿ ಬಿಟ್ಟವಳು. ಅಷ್ಟು ದೊಡ್ಡ ಮನುಷ್ಯರು ಓದು ಬರಹದ ಮಾತು ಎತ್ತಿದ್ದಕ್ಕೇ ನಾಚಿ, “ಇಲ್ರಿ” ಎಂದಳು.

“ಮತ್ತೇನ್ ಕೆಲಸ ಮಾಡ್ತೀರಿ?”

“ಹೊಲದ ಕೆಲಸ್ರಿ” ಎಂದು ಹಾಲೇಶ ಮುಂದೆ ಬಿದ್ದು ಹೇಳಿದ.

ಡಾಕ್ಟರು ಬರೆದುಕೊಂಡರು. ಹೊಲದ ಕೆಲಸವೆಂದರೆ ಕಣ್ಣು ಹಾಯಿಸುವಷ್ಟು ದೂರದ ಕೆಲಸ ಎಂಬುದು ಅವರ ತಿಳಿವಳಿಕೆ. ಹತ್ತಿರದ್ದು ತನಗೆ ಎಲ್ಲರಿಗಿಂತ ಚಲೋ ಕಾಣುತ್ತದೆ, ಅದು ಹುಟ್ಟಿನಿಂದ ತನ್ನದು, ಅದನ್ನು ಯಾರು ಯಾಕೆ ಮುಟ್ಟುತ್ತಾರೆ ಎಂಬುದು ಇವಳ ತಿಳಿವಳಿಕೆ. ಇದ್ದ ಹತ್ತಿರದ ಜೊತೆಗೆ ಇಲ್ಲದ ದೂರವನ್ನೂ ಕೂಡಿಸಿ ಕೊಡುತ್ತಾರೆ ಎಂದುಕೊಂಡು ಅವಳು ಕಾಗದಕ್ಕೆ ರುಜು ಹಾಕಿದಳು. ಒಂದನ್ನು ಕೊಟ್ಟು ಇನ್ನೊಂದನ್ನು ಇಸಿದುಕೊಳ್ಳುತ್ತಾರೆ ಎಂದು ಅವಳಿಗೂ ಹೊಳೆಯಲಿಲ್ಲ, ಹಾಲೇಶನಿಗೂ ಹೊಳೆಯಲಿಲ್ಲ.

ಮೊದಲ ಒಂದು ತಿಂಗಳು ಅವಳು ಖರೇನೇ ಹಿಗ್ಗಿದ್ದಳು. ಹುಣಸೆ ಮರ ಎಂದರೆ ಹಸಿರು ಮೋಡವಲ್ಲ, ಅದಕ್ಕೆ ಬೇರೆ ಬೇರೆ ಎಲೆಗಳಿವೆ ಎಂಬುದನ್ನು ಅಂಗಳದಲ್ಲಿ ನಿಂತು ನೋಡಿದಳು. ಬಸ್ಸಿನ ಬೋರ್ಡನ್ನು ಬಸ್ಸು ತಿರುವಿನಲ್ಲಿರುವಾಗಲೇ ಓದಿದಳು. ಮಾರೆಪ್ಪ ಗಡ್ಡ ಬೋಳಿಸುವಾಗ ಎಡಗೆನ್ನೆಯ ಕೆಳಗೆ ಒಂದು ಪಟ್ಟಿ ಹಾಗೇ ಬಿಡುತ್ತಾನೆಂಬುದು ಮದುವೆಯಾಗಿ ಇಪ್ಪತ್ತನಾಲ್ಕು ವರ್ಷಕ್ಕೆ ಓಣಿಯ ಆ ತುದಿಯಿಂದ ಗೊತ್ತಾಯಿತು. ಮೇಲಿನ ಓಣಿಯಲ್ಲಿ ಆ ಮನೆಯ ಮುಂದೆ ತಲೆ ಎತ್ತಿಕೊಂಡು, ಬೇಕೆಂದೇ ನಿಧಾನವಾಗಿ ನಡೆದು ಹೋದಳು. ಹಾಲೇಶ ಸವಣೂರಿನಿಂದ ಎರಡು ಕಿಲೋ ಖಾರದ ತಿನಿಸು ತಂದು ಮನೆಮನೆಗೆ ಹಂಚಿದ. ಅಕ್ಕ ಕ್ಯಾಲೆಂಡರ್ ಓದುವುದನ್ನು ಮೊಬೈಲಿನಲ್ಲಿ ಹಿಡಿದು ಇಡೀ ಡಿಪೋಗೆ ಕಳಿಸಿದ.

ಕಿರಿಕಿರಿ ಇಲ್ಲವೆಂದಲ್ಲ. ಕಣ್ಣೊಳಗೆ ಉಸುಕು ಬಿದ್ದ ಹಾಗೆ ಒಣಗುತ್ತಿತ್ತು, ದಿನಕ್ಕೆ ನಾಲ್ಕು ಸಲ ಔಷಧದ ಹನಿ ಹಾಕಬೇಕಾಗಿತ್ತು. ಸಂಜೆ ದೀಪ ಹತ್ತಿದರೆ ಒಂದೊಂದು ಬಲ್ಬಿನ ಸುತ್ತ ಒಂದೊಂದು ಬೆಳಕಿನ ಬಳೆ. ಅಕ್ಕಿ ಆರಿಸುವಾಗ ಮೊರವನ್ನು ಮೊಣಕಾಲಿನ ಆಚೆಗೆ ತಳ್ಳಿದರೆ ಮಾತ್ರ ಕಲ್ಲು ಕಾಣುತ್ತಿತ್ತು. ಗಾಯ ಮಾಗಿ ಕಣ್ಣು ಕೂಡಲು ತಿಂಗಳುಗಟ್ಟಲೆ ಬೇಕು ಎಂದು ಡಾಕ್ಟರು ಹೇಳಿದ್ದರು. ಕೂಡುತ್ತದೆ ಬಿಡು ಎಂದು ಅವಳು ಸುಮ್ಮನಿದ್ದಳು.

ಅಕ್ಟೋಬರಿನಲ್ಲಿ ಕ್ರಾಸಿಂಗ್ ಶುರುವಾಯಿತು. ಮೊದಲನೇ ದಿನ ಊಟ ಮುಗಿಸಿ ಎಲ್ಲರೂ ಸಾಲು ಹಿಡಿದರು. ಅಡಿವೆವ್ವನ ಕೈ ರೂಢಿಯಂತೆ ಒಂದು ಟೊಂಗೆಯನ್ನು ಬಗ್ಗಿಸಿ ಮೂಗಿನ ಹತ್ತಿರ ತಂದಿತು. ಅಲ್ಲಿ ಮೊಗ್ಗಿರಲಿಲ್ಲ. ಸುಣ್ಣ ಒರೆಸಿದ ಹಾಗೆ ಒಂದು ಬಿಳಿ ಕಲೆ ಇತ್ತು. ಕಣ್ಣು ತಿಕ್ಕಿಕೊಂಡಳು, ಔಷಧ ಹಾಕಿಕೊಂಡಳು, ಮತ್ತೆ ತಂದಳು. ಮತ್ತೆ ಅದೇ ಕಲೆ. ಟೊಂಗೆಯನ್ನು ಮೆಲ್ಲಗೆ ಹಿಂದಕ್ಕೆ ಬಿಟ್ಟಳು. ಒಂದು ಗೇಣಾಯಿತು, ಒಂದೂವರೆ ಗೇಣಾಯಿತು, ಆಗ ಮೊಗ್ಗಿಗೆ ಒಂದು ಆಕಾರ ಬಂತು. ಆದರೆ ಎಷ್ಟು ಸಣ್ಣ! ಕೈ ಚಾಚಿ ಅಷ್ಟು ದೂರದಿಂದ ಚಿಮಟ ಹಾಕಿದರೆ ಹೆಣ್ಣು ಎಳೆಯೇ ತುಂಡಾಗಿ ಕೈಗೆ ಬಂತು. ಎರಡನೆಯದೂ ಹಾಗೇ, ಮೂರನೆಯದೂ ಹಾಗೇ. ನಾಲ್ಕನೆಯದರಲ್ಲಿ ಗಂಡು ಎಷ್ಟು ಕಿತ್ತೆ, ಎಷ್ಟು ಉಳಿಯಿತು ಎಂಬುದೇ ಗೊತ್ತಾಗಲಿಲ್ಲ.

ಪಕ್ಕದಲ್ಲಿ ಹೇಮಾ ತನ್ನ ನಿಧಾನದ ಕೈಯಲ್ಲೇ ಆಗಲೇ ಮೂರು ಗಿಡ ಮುಂದೆ ಹೋಗಿದ್ದಳು. ಹದಿನಾಲ್ಕು ವರ್ಷದಲ್ಲಿ ಅಡಿವೆವ್ವನ ಮುಂದೆ ಹೇಮಾಳ ಬೆನ್ನು ಕಂಡಿದ್ದು ಅವತ್ತೇ ಮೊದಲು. “ಧೂಳು ಹೊಕ್ಕೈತಿ ಕಣ್ಣಾಗ” ಎಂದು ಯಾರೂ ಕೇಳದೆ ಇದ್ದಾಗಲೇ ಹೇಳಿದಳು. ಅವತ್ತು ಉಳಿದವರ ಸಾಲನ್ನು ಪರೀಕ್ಷೆ ಮಾಡಲು ಅವಳು ಹೋಗಲಿಲ್ಲ, ಮರುದಿನವೂ ಹೋಗಲಿಲ್ಲ. ಕಾಣದೆ ಯಾರನ್ನು ಏನೆಂದು ಬೈಯುವುದು? ತನ್ನ ಸಾಲನ್ನು ಮಾತ್ರ ದಿನಾ ತಡಕಾಡಿ ಮುಗಿಸುತ್ತಿದ್ದಳು.

ಮನೆಯಲ್ಲಿ ಗಂಡನಿಗೆ ಹೇಳಿದಳು. “ನಂಗ ಕಾಣವಲ್ದ್ರಿ.”

ಮಾರೆಪ್ಪ ಬೀಡಿ ಬಾಯಿಂದ ತೆಗೆದು ಅವಳನ್ನೇ ನೋಡಿದ. “ಏನ್ ಕಾಣವಲ್ದು? ನಿನ್ನೆರ ಗುಡ್ಡದ ಮ್ಯಾಲಿನ ಆಡು ಎಣಿಸಿ ಹೇಳೀದಿ.”

“ಹಂಗಾರ ಆಡು ಎಣಿಸೋ ಕೆಲಸ ಎಲ್ಲೆರ ಐತೇನ್ ಕೊಡಸ್ರಿ!” ಎಂದು ಅವಳು ತಟ್ಟೆ ಕುಕ್ಕಿ ಒಳಗೆ ಹೋದಳು. ಮಾರೆಪ್ಪನಿಗೆ ತಾನು ಮಾಡಿದ ತಪ್ಪು ಏನೆಂದು ತಿಳಿಯಲಿಲ್ಲ. ಊರಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ಕಾಣುವುದೆಂದರೆ ದೂರದ್ದು ಕಾಣುವುದು ಎಂದು ಜಗತ್ತೆಲ್ಲ ತೀರ್ಮಾನ ಮಾಡಿ ಕುಂತಿರುವಾಗ, ಅರ್ಧ ಗೇಣಿನ ಸಂಕಟ ಯಾರ ಮುಂದೆ ಹೇಳಬೇಕು? ಕುರುಡಿಯಾಗಿದ್ದರೆ ಅಯ್ಯೋ ಅನ್ನುತ್ತಿದ್ದರು. ಇವಳಿಗೆ ಸಿಕ್ಕಿದ್ದು ಶಾಬಾಸ್‌ಗಿರಿ.

ಹಾಲೇಶನಿಗೂ ಫೋನ್ ಮಾಡಿದಳು. ಅವನು ಬಸ್ಸಿನ ಗದ್ದಲದ ನಡುವೆಯೇ, “ಹೌದೇನಕ್ಕ? ಹಿಂದಕಿಂತ ಕಡಿಮಿ ಆಗೇತೇನು?” ಎಂದು ಕೇಳಿದ. ಅವಳು ವಿವರಿಸಿದಳು. ಆಮೇಲೆ ಸಣ್ಣ ದನಿಯಲ್ಲಿ, “ಹಂಗಾರ ನಾನ ನಿನ್ನ ಕಣ್ಣು ಹಾಳು ಮಾಡಿದ್ನೇನಕ್ಕ?” ಎಂದ.

“ಛೇ, ಹುಚ್ಚ, ಹಂಗಲ್ಲೋ. ಸ್ವಲ್ಪ ದಿನಕ್ಕ ಕೂಡತೈತಿ” ಎಂದು ಅವಳೇ ಅವನಿಗೆ ಸಮಾಧಾನ ಹೇಳಿ ಫೋನ್ ಇಟ್ಟಳು. ಆಮೇಲೆ ಅವನ ಮುಂದೆ ಆ ಮಾತು ಎತ್ತುವ ದಾರಿಯೂ ಮುಚ್ಚಿತು. ಪ್ರೀತಿಯಿಂದ ಮಾಡಿದ್ದನ್ನು ಹೇಗೆ ಬೈಯುವುದು? ಸಿಟ್ಟೆಲ್ಲ ಒಳಗೇ ಕುದಿಯಿತು, ಕುದಿದು ಕುದಿದು ಅವಳು ಬಡಕಲಾದಳು.

ನವೆಂಬರಿನಲ್ಲಿ ಆರು ತಿಂಗಳ ತಪಾಸಣೆಗೆ ಹುಬ್ಬಳ್ಳಿಗೆ ಹೋಗುವ ದಿನ ಬಂತು. ಹಾಲೇಶನಿಗೆ ರಜೆ ಇರಲಿಲ್ಲ, ಅದು ಒಳ್ಳೆಯದೇ ಆಯಿತು. ಅಡಿವೆವ್ವ ಹೊಲದಿಂದ ಮೊಗ್ಗು ತುಂಬಿದ ಒಂದು ಟೊಂಗೆ ಮುರಿದು, ಒದ್ದೆ ಬಟ್ಟೆಯಲ್ಲಿ ಸುತ್ತಿ, ಸ್ಟೀಲ್ ಡಬ್ಬಿಯಲ್ಲಿಟ್ಟುಕೊಂಡು ಒಬ್ಬಳೇ ಬಸ್ಸು ಹತ್ತಿದಳು.

ಡಾಕ್ಟರು ದೂರದ ಗೋಡೆಯ ಅಕ್ಷರ ಓದಿಸಿದರು. ಕೊನೆಯ ಸಾಲಿನವರೆಗೂ ಓದಿದಳು. ಅವರ ಮುಖ ಅರಳಿತು. “ಆರಕ್ಕ ಆರು! ಮೈನಸ್ ಒಂಬತ್ತು ಇದ್ದವರಿಗೆ ಇಷ್ಟ ಚಲೋ ಬರೋದು ಅಪರೂಪ್ರಿ. ಬಾಳ ಛಂದ ಆಗೇತಿ” ಎಂದರು.

ಅವಳು ಡಬ್ಬಿ ತೆರೆದು ಟೊಂಗೆಯನ್ನು ಅವರ ಮೇಜಿನ ಮೇಲೆ, ಕಾಗದಗಳ ನಡುವೆ ಇಟ್ಟಳು. “ಇದು ಆಗವಲ್ದ್ರಿ” ಎಂದಳು.

ಇದು ಏನು, ಏನು ಮಾಡಬೇಕು, ಎಲ್ಲಿ ಹಿಡಿದು ಮಾಡುತ್ತಿದ್ದೆ ಎಂದು ಎಲ್ಲ ಹೇಳಿದಳು. ಡಾಕ್ಟರು ಕುತೂಹಲದಿಂದ ಟೊಂಗೆ ತೆಗೆದುಕೊಂಡರು. ಅವರೂ ಕನ್ನಡಕದವರು. ಕನ್ನಡಕವನ್ನು ಹಣೆಯ ಮೇಲೆ ಸರಿಸಿ, ಮೊಗ್ಗನ್ನು ಮೂಗಿನ ಹತ್ತಿರ ತಂದು, ಬರಿಗಣ್ಣಿನಿಂದ ನೋಡಿದರು. “ಓಹೋ, ಐದು ಅದಾವ. ಅಲ್ಲ, ಆರು” ಎಂದರು.

ಅಡಿವೆವ್ವ ಆ ಹಣೆಯ ಮೇಲಿನ ಕನ್ನಡಕವನ್ನೇ ದಿಟ್ಟಿಸಿದಳು. “ನೀವ್ಯಾಕ ಮಾಡಿಸ್ಕೊಂಡಿಲ್ರಿ?”

“ನನಗ ಹತ್ತಿರದ ಕೆಲಸ ಬಾಳ ನೋಡ್ರಿ” ಎಂದು ನಕ್ಕವರು, ಮಾತು ಬಾಯಿಂದ ಬಿದ್ದ ಮೇಲೆ ನಗು ನಿಲ್ಲಿಸಿ ಫೈಲು ತಿರುವಿ ನೋಡಿದರು. “ಅವತ್ತ ನಾ ಕೇಳಿದ್ನೆಲ್ರಿ, ಹತ್ತಿರದ ಕೆಲಸ ಐತೇನಂತ...”

“ಓದೋದು ಬರಿಯೋದು ಅಂದ್ರಿ. ನಾ 'ಇಲ್ಲ' ಅಂದೆ.”

“ಇದನ್ನ ಒಂದು ಮಾತು ಹೇಳಿದ್ರ, ಒಂದು ಕಣ್ಣಿಗಷ್ಟ ಪೂರ್ತಿ ಮಾಡಿ ಇನ್ನೊಂದರ ನಂಬರ್ ಸ್ವಲ್ಪರ ಉಳಸ್ತಿದ್ವಿ. ಇಲ್ಲಾಂದ್ರ ಮಾಡೋದ ಬ್ಯಾಡ ಅಂತಿದ್ದೆ.”

“ಈಗ ಹಿಂದ ಮಾಡಾಕ ಬರಂಗಿಲ್ಲೇನ್ರಿ?”

ಡಾಕ್ಟರು ತಲೆ ಅಲ್ಲಾಡಿಸಿದರು. ಕಣ್ಣಿನ ಪರದೆಯಿಂದ ಕೆತ್ತಿ ತೆಗೆದದ್ದು ತಿರುಗಿ ಬೆಳೆಯುವುದಿಲ್ಲ ಎಂದು ಮೆತ್ತಗೆ ಹೇಳಿ, ಹತ್ತಿರದ್ದಕ್ಕೆ ಒಂದು ಕನ್ನಡಕ ಬರೆದುಕೊಟ್ಟರು. ಕನ್ನಡಕ ಬಿಡಿಸಲು ಹೋದವಳು ಕನ್ನಡಕದ ಚೀಟಿ ಹಿಡಿದುಕೊಂಡು ಹೊರಗೆ ಬಂದಳು. ಬಸ್‌ಸ್ಟ್ಯಾಂಡಿನವರೆಗೂ ಅವಳ ತಲೆಯಲ್ಲಿ ಒಂದೇ ಮಾತು ಗಿರಗಿರ ತಿರುಗುತ್ತಿತ್ತು. ಒಂದು ಮಾತು ಹೇಳಿದ್ದರೆ. ನಾಚಿಕೆ ಬಿಟ್ಟು ಒಂದೇ ಒಂದು ಮಾತು ಹೇಳಿದ್ದರೆ.

ಹಿರೇಕೆರೂರಿನ ಅಂಗಡಿಯಲ್ಲಿ ಆ ಕನ್ನಡಕ ಮಾಡಿಸಿಕೊಂಡಳು. ಹಾಕಿಕೊಂಡರೆ ಮೊಗ್ಗನ್ನು ಒಂದು ಗೇಣಿನವರೆಗೆ ತರಬಹುದಾಗಿತ್ತು. ಹಳೆಯ ಅರ್ಧ ಗೇಣಿನ ಹಾಗೆ ಅಲ್ಲ, ಆದರೆ ಗಂಡು ಎಳೆ ಇದೆಯೋ ಇಲ್ಲವೋ ಎಂದು ಅಂದಾಜು ಸಿಗುತ್ತಿತ್ತು. ಅಂದಾಜಿನ ಮೇಲೆಯೇ ಚಿಮಟ ಆಡಿಸಿದಳು. ಎರಡನೇ ದಿನ ಬೆಳಿಗ್ಗೆ ಕಂಪನಿಯ ರುದ್ರೇಶ ಆ ವರ್ಷ ಮೊದಲ ಸಲ ಅವಳ ಸಾಲಿಗೆ ಬಂದ. ಹೊಲದಿಂದ ಹೊಲಕ್ಕೆ ಬೈಕ್ ಮೇಲೆ ತಿರುಗಿ, ಭೂತಗನ್ನಡಿ ಹಿಡಿದು ಸಾಲು ಪರೀಕ್ಷೆ ಮಾಡುವುದು ಅವನ ಕೆಲಸ. ಅಡಿವೆವ್ವ ಪಕ್ಕಕ್ಕೆ ಸರಿದು ನಿಂತಳು. ಅವನು ಅವಳ ಸಾಲಿನಲ್ಲಿ ಇಪ್ಪತ್ತು ಮೊಗ್ಗು ನೋಡಿದ, ಮೂವತ್ತು ನೋಡಿದ.

“ಅಡಿವೆಕ್ಕ, ನಿಮ್ಮ ಸಾಲು ನೋಡೋದ ದಂಡ್ರಿ. ಯಾವತ್ತಿದ್ರೂ ಚೊಕ್ಕ” ಎಂದು ಮುಂದೆ ಹೋದ.

ಅವಳು ಬದುವಿನ ಮೇಲೆ ಕುಂತಳು. ತಪ್ಪಿಲ್ಲ. ತಪ್ಪಿಲ್ಲವಂತೆ! ಅಂದಮೇಲೆ ಕಣ್ಣಿನದ್ದಲ್ಲ, ಕೈಯದ್ದು ಈ ವಿದ್ಯೆ. ಹದಿನಾಲ್ಕು ವರ್ಷದ ಕೈಗೆ ಕಣ್ಣಿಲ್ಲದೆಯೂ ಗೊತ್ತು. ಸಾಲಿನಲ್ಲಿ ಒಂದಿಷ್ಟು ಮೊಗ್ಗು ದಿನಾ ಕಡಿಮೆಯಾಗುತ್ತಿದ್ದವು, ನಿಜ. ಬಿಸಿಲಿಗೆ ಮೆಣಸಿನ ಮೊಗ್ಗು ಉದುರುವುದು ಹೊಸದೇನಲ್ಲ. ವಾರದ ಕೊನೆಗೆ ರುದ್ರೇಶ ಮತ್ತೆ ಬಂದು ಮತ್ತೆ ಅದೇ ಮಾತು ಹೇಳಿದ. ಅವತ್ತು ಮಧ್ಯಾಹ್ನ ಅಡಿವೆವ್ವ ಹೊಸ ಕನ್ನಡಕ ಏರಿಸಿಕೊಂಡು ಹೇಮಾಳ ಸಾಲಿಗೆ ಹೋದಳು. ಟೊಂಗೆ ಬಗ್ಗಿಸಿ ನೋಡಿದಂತೆ ಮಾಡಿ, “ಏನಬೇ ಇದು, ಎಮ್ಮಿ ಮೇದಂಗ ಮೇದೀಯಲ್ಲ!” ಎಂದು ಬೈದಳು. ತಪ್ಪು ಕಂಡಿತ್ತೋ ಇಲ್ಲವೋ ಅವಳಿಗೇ ಖಾತ್ರಿ ಇರಲಿಲ್ಲ. ಆದರೆ ಹೇಮಾ ತಲೆ ತಗ್ಗಿಸಿ, “ಹೂನಕ್ಕ, ಸರಿ ಮಾಡ್ತೇನಿ” ಎಂದಳು. ಆಚೆ ಸಾಲುಗಳಿಂದ ನಗೆ ಎದ್ದಿತು. ಎಷ್ಟೋ ದಿನಗಳ ಮೇಲೆ ಅಡಿವೆವ್ವ ಅವತ್ತು ಹೊಟ್ಟೆತುಂಬ ಉಂಡಳು.

ಅದರ ಮರುದಿನ. ಕಣ್ಣಿಗೆ ಹಾಕುವ ಔಷಧ ಮನೆಯಲ್ಲೇ ಮರೆತು ಬಂದಿದ್ದಳು. ಸಂಜೆಯಾಗುತ್ತಲೇ ಉರಿ ತಡೆಯಲಾಗದೆ, “ನಾ ಮುಂದ ಹೊಕ್ಕೇನಿ, ನೀವು ಮುಗಿಸಿ ಬರ್ರಿ” ಎಂದು ಹೇಳಿ ಹೊರಟಳು. ಹೊಲ ದಾಟಿ, ಹಳ್ಳ ದಾಟಿ, ಕೆರೆಯ ಏರಿ ಹತ್ತಿದಳು. ಹತ್ತಿದ ದಣಿವಿಗೆ ಹತ್ತಿರದ ಕನ್ನಡಕ ತೆಗೆದು ಸೆರಗಿನಿಂದ ಮುಖ ಒರೆಸಿಕೊಂಡು, ಸುಮ್ಮನೆ ಹಿಂದಕ್ಕೆ ತಿರುಗಿ ನೋಡಿದಳು.

ಪರಮೇಶ್ವರಪ್ಪನವರ ಹೊಲ ಕೆಳಗೆ ಅಂಗೈ ಮೇಲೆ ಇಟ್ಟ ಹಾಗೆ ಕಾಣುತ್ತಿತ್ತು. ಹೆಂಗಸರು ಬುಟ್ಟಿ ಜೋಡಿಸಿಕೊಂಡು ಬದುವಿನ ಕಡೆಗೆ ಬರುತ್ತಿದ್ದರು. ಒಬ್ಬಳು ಮಾತ್ರ ಬರುತ್ತಿರಲಿಲ್ಲ. ಹಸಿರು ಸೀರೆ, ಎಡಕ್ಕೆ ವಾಲಿದ ತುರುಬು: ಹೇಮಾ. ಅವಳು ನಿಂತಿದ್ದು ತನ್ನ ಸಾಲಿನಲ್ಲಲ್ಲ, ಅಡಿವೆವ್ವನ ಸಾಲಿನಲ್ಲಿ. ಒಂದೊಂದೇ ಗಿಡಕ್ಕೆ ಬಗ್ಗಿ, ಒಂದೊಂದೇ ಟೊಂಗೆ ಎತ್ತಿ ನೋಡಿ, ಕೆಲವಕ್ಕೆ ಚಿಮಟ ಹಾಕಿ, ಕೆಲವನ್ನು ಕಿತ್ತು ಉಡಿಗೆ ಹಾಕಿಕೊಳ್ಳುತ್ತಿದ್ದಳು.

ಇಷ್ಟು ದೂರದಿಂದ ಹೇಮಾಳ ಕೈಬೆರಳು ಆಡುವುದೂ ಕಾಣುತ್ತಿತ್ತು. ಹೇಮಾ ಒಮ್ಮೆಯೂ ಏರಿಯ ಕಡೆ ನೋಡಲಿಲ್ಲ. ಅಡಿವೆವ್ವನಿಗೆ ದೂರದ್ದು ಕಾಣುತ್ತದೆಂದು ಊರಿಗೆಲ್ಲ ಗೊತ್ತಿದ್ದರೂ, ಹದಿನಾಲ್ಕು ವರ್ಷ ಅವಳ ಜೊತೆ ದುಡಿದವರಿಗೆ ಅದು ಇನ್ನೂ ರೂಢಿಯಾಗಿರಲಿಲ್ಲ. ಬದು ದಾಟಿದಳೆಂದರೆ ಅವಳಿಗೆ ಏನೂ ಕಾಣುವುದಿಲ್ಲ ಎಂಬ ಹಳೆಯ ಧೈರ್ಯದಲ್ಲೇ ಎಲ್ಲರೂ ಇದ್ದರು.

ಏರಿ ಇಳಿದು, ಹಳ್ಳ ದಾಟಿ, ಅವಳು ಸರಸರ ಹಿಂದಕ್ಕೆ ಬಂದಳು. ಬದುವಿನ ಮೇಲಿದ್ದ ಹೆಂಗಸರು ಅವಳನ್ನು ಕಂಡು ಮಾತು ನಿಲ್ಲಿಸಿದರು. ಹೇಮಾ ಹೆಜ್ಜೆ ಸಪ್ಪಳಕ್ಕೆ ತಿರುಗಿದವಳೇ ಗಡಬಡಿಸಿ ಉಡಿ ಮುಚ್ಚಿಕೊಂಡಳು.

“ತಗಿ” ಎಂದಳು ಅಡಿವೆವ್ವ.

ಹೇಮಾ ಉಡಿ ಬಿಚ್ಚಿದಳು. ಅದರ ತುಂಬ ಮೊಗ್ಗು. ಎಲ್ಲ ಇವತ್ತು ಅಡಿವೆವ್ವ ಬಿಡಿಸಿದ್ದು.

“ಎಷ್ಟ ದಿನದಿಂದ ನಡದೈತಿ ಇದು?”

“ಮೊದಲನೇ ದಿನದಿಂದಕ್ಕ.”

“ನೀ ಒಬ್ಬಾಕೇನ?”

ಹೇಮಾ ಬದುವಿನ ಕಡೆ ನೋಡಿದಳು. ಅಲ್ಲಿ ನಿಂತವರು ನೆಲ ನೋಡುತ್ತಿದ್ದರು. “ದಿನಾ ಒಬ್ಬೊಬ್ಬರು. ಇವತ್ತ ನಂದು ಪಾಳೆ” ಎಂದಳು.

ಅಡಿವೆವ್ವನಿಗೆ ಕೆನ್ನೆಗೆ ಹೊಡೆಸಿಕೊಂಡ ಹಾಗಾಯಿತು. ರುದ್ರೇಶ ಹೊಗಳಿದ್ದು ಯಾರ ಕೈಯನ್ನು? ತಾನು ಹೊಟ್ಟೆತುಂಬ ಉಂಡಿದ್ದು ಯಾವ ಗರ್ವಕ್ಕೆ? ಸಿಟ್ಟು ನೆತ್ತಿಗೇರಿ, “ನನಗ ಯಾಕ ಹೇಳಲಿಲ್ಲ? ಎಲ್ಲಾರೂ ಕೂಡಿ ನನ್ನ ಮಂಗ್ಯಾ ಮಾಡೀರೇನು? ಬಾಯಿ ಇರಲಿಲ್ಲೇನು ನಿಮಗ?” ಎಂದು ಕಿರಿಚಿದಳು. ದನಿ ಅರ್ಧಕ್ಕೆ ಒಡೆಯಿತು.

ಹೇಮಾ ತನ್ನ ರೂಢಿಯಂತೆ ತಡೆದು ತಡೆದು ಮಾತಾಡಿದಳು. “ಹ್ಯಾಂಗ ಹೇಳೋದಕ್ಕ? ಮೊದಲನೇ ದಿನದಿಂದ ನೀ ಬೈಯೋದ ಬಿಟ್ಟಿದ್ದಿ. ಯಾರಿಗೂ ಏನೂ ಅನ್ನವಲ್ಲಿ. ಹೊಲದಾಗ ಕೆಲಸ ಮಾಡಾಕ ಮನಸ ಬರತಿರಲಿಲ್ಲ. ನಿನ್ನೆ ಕನ್ನಡಕ ಹಾಕ್ಕೊಂಡು ಬಂದು ನನಗ ಬೈದೀಯಲ್ಲ... ಎಲ್ಲಾರಿಗೂ ಬಾಳ ಖುಷಿ ಆತು.”

ಅಡಿವೆವ್ವ ಹೇಮಾಳ ಉಡಿಯಿಂದ ಒಂದು ಮೊಗ್ಗು ತೆಗೆದುಕೊಂಡು, ಕನ್ನಡಕ ಹಾಕಿಕೊಂಡು, ಒಂದು ಗೇಣು ದೂರದಲ್ಲಿ ಹಿಡಿದು ನೋಡಿದಳು. ಅವಳ ಕಣ್ಣಿಗೆ ಅದು ಚೊಕ್ಕವಾಗಿಯೇ ಕಂಡಿತು.

“ಇದರಾಗ ಏನ್ ತಪ್ಪೈತಿ?”

ಹೇಮಾ ಚಿಮಟದ ತುದಿಯಿಂದ ತೋರಿಸಿದಳು. “ಇಲ್ಲೈತಲ್ಲಕ್ಕ. ಬುಡದಾಗ. ಎರಡು ಉಳದಾವು.”

ಅಡಿವೆವ್ವ ಮೊಗ್ಗನ್ನು ಹತ್ತಿರ ತಂದಳು, ದೂರ ಒಯ್ದಳು, ಬೆಳಕಿಗೆ ತಿರುಗಿಸಿದಳು. ಚಿಮಟದ ತುದಿ ಕಂಡಿತು. ಅದು ತೋರಿಸುತ್ತಿದ್ದುದು ಕಾಣಲಿಲ್ಲ. ಹದಿನಾಲ್ಕು ವರ್ಷ ಇಂಥವನ್ನು ಊದಿ ಬಿಸಾಡಿದವಳಿಗೆ ಎರಡು ಉಳಿದದ್ದು ಕಾಣಲಿಲ್ಲ. ಸಿಟ್ಟನ್ನು ಯಾರ ಮೇಲೆ ಹಾಕಬೇಕೆಂದು ತಿಳಿಯಲಿಲ್ಲ. ತಮ್ಮನ ಮೇಲೆ ಹಾಕಲಾರಳು, ಡಾಕ್ಟರ ಮೇಲೆ ಹಾಕಲಾರಳು, ಈ ಹೆಂಗಸರ ಮೇಲಂತೂ ಸಾಧ್ಯವೇ ಇಲ್ಲ. ಅವಳು ಅಳುತ್ತಿದ್ದಾಳೆಂಬುದು ಅವಳಿಗಿಂತ ಮೊದಲು ಹೇಮಾಗೆ ಗೊತ್ತಾಯಿತು.

“ನಾಳಿ ಸರಿ ಹೋಗತೈತೇಳಕ್ಕ” ಎಂದಳು ಹೇಮಾ.

“ಹೋಗಂಗಿಲ್ಲ” ಎಂದಳು ಅಡಿವೆವ್ವ. “ಡಾಕ್ಟರು ಹೇಳ್ಯಾರ, ಹೋಗಂಗಿಲ್ಲ.” ಅದನ್ನು ಅವಳು ಬಾಯಿ ಬಿಟ್ಟು ಯಾರಿಗಾದರೂ ಹೇಳಿದ್ದು ಅದೇ ಮೊದಲು. ಬದುವಿನ ಮೇಲಿದ್ದ ಹೆಂಗಸರು ಬುಟ್ಟಿ ಇಳಿಸಿ ಒಬ್ಬೊಬ್ಬರೇ ಸಾಲಿನ ಕಡೆ ಬಂದರು.

ಅಡಿವೆವ್ವ ಸೆರಗಿನಿಂದ ಮೂಗು ಒರೆಸಿಕೊಂಡು ಸಾಲಿನುದ್ದಕ್ಕೂ ನೋಡಿದಳು. ಇನ್ನೂ ಅರ್ಧ ಸಾಲು ಉಳಿದಿತ್ತು, ಹೊತ್ತು ಇಳಿಯುತ್ತಿತ್ತು. ತನ್ನ ಚಿಮಟವನ್ನು ಹೇಮಾಳ ಕೈಯಲ್ಲಿಟ್ಟಳು.

“ಅನುಮಾನ ಬಂದದ್ದೂ ಕೀಳು. ನನ್ನ ಮಾರಿ ನೋಡಿ ಒಂದೂ ಬಿಡಬ್ಯಾಡ” ಎಂದು ಹೇಳಿ, ಗಿಡದ ಬುಡಕ್ಕೆ ಕುಂತು, ಹೇಮಾಳ ಮುಂದೆ ತನ್ನ ಉಡಿ ಹಾಸಿ ಹಿಡಿದಳು.